ಕಾರ್ಖಾನೆಗಳಲ್ಲಿ ಅಪಾಯ ನಿವಾರಣೆ: ಯಜಮಾನರಿಗೆ ನೆರವಾಗುವ ಬಗೆ

ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಬ್ಬನ ಬೆರಳು ಹೋದರೆ ಅದನ್ನು ಆಕಸ್ಮಿಕವೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಎಲ್ಲಿಂದಲೆಂದು ತಿಳಿಯದೆ, ಕಾರಣವಿಲ್ಲದೆ ಬಂದೊದಗಿದುದು ಎಂಬುದೇ ಆ ಮಾತಿನ ಅರ್ಥ. ಯಜಮಾನನು ಅದನ್ನು ಗ್ರಹಚಾರವೆನ್ನುವನು. ಪೆಟ್ಟು ತಿಂದವನ ಮನೆಯವರು ಹಣೆಯ ಬರಹವೆನ್ನುವರು. ಜೊತೆಯ ಕೆಲಸಗಾರರು ಎಚ್ಚರ ತಪ್ಪಿದನೆನ್ನುವರು. ಮೂರು ಮಾತುಗಳ ಫಲವೂ ಒಂದೇ: ಯಂತ್ರವು ಮರುದಿನ ಹಾಗೆಯೇ ತಿರುಗುವುದು. ಆದರೆ ಇಂತಹ ಸಂಗತಿಗಳನ್ನು ವರ್ಷಗಟ್ಟಲೆ ಬರೆದಿಟ್ಟು ಹೋಲಿಸಿ ನೋಡಿದವರಿಗೆ ಬೇರೊಂದು ಚಿತ್ರವು ಕಾಣುವುದು. ಒಂದೇ ಬಗೆಯ ಯಂತ್ರ, ಅದರ ಒಂದೇ ಜಾಗ, ಒಂದೇ ಬಗೆಯ ಪೆಟ್ಟು. ಹೆಸರು ಮಾತ್ರ ಬೇರೆ ಬೇರೆ. ಹೀಗೆ ಮರಳಿ ಮರಳಿ ಬರುವುದಕ್ಕೆ ಕಾರಣವಿರಲೇಬೇಕು. ಕಾರಣವಿರುವುದನ್ನು ತಡೆಯಲೂ ಬರುವುದು.

ತಡೆಯುವುದಕ್ಕಾಗಿ ಕಾಯಿದೆಗಳು ಹುಟ್ಟಿ ಬಹುಕಾಲವಾಯಿತು. ಕಾಯಿದೆಯು ಏನು ಹೇಳುವುದೆಂಬುದನ್ನು ಓದಿ ಹೇಳುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಆ ಕಾಯಿದೆಯನ್ನು ನಡೆಯಿಸಬೇಕಾದ ಯಜಮಾನನಿಗೆ, ಅದರಲ್ಲಿಯೂ ಹತ್ತಿಪ್ಪತ್ತು ಮಂದಿಯನ್ನಿಟ್ಟುಕೊಂಡು ಸಣ್ಣ ಯಂತ್ರಶಾಲೆಯನ್ನು ನಡೆಯಿಸುವವನಿಗೆ, ನೆರವಾಗುವುದು ಹೇಗೆಂಬುದನ್ನು ವಿಚಾರಮಾಡುವೆವು. ದಂಡದ ಭಯವು ಒಂದು ಬೇಲಿಯನ್ನು ಹಾಕಿಸಬಲ್ಲುದು. ಅದು ಸರಿಯಾದ ಬೇಲಿಯೇ, ಮರುದಿನವೂ ಅದರ ಸ್ಥಳದಲ್ಲಿರುವುದೇ ಎಂಬುದು ಮಾತ್ರ ತಿಳಿವಳಿಕೆಯನ್ನು ಅವಲಂಬಿಸಿದೆ.

ಮೊದಲು ಸ್ವಲ್ಪ ಪೂರ್ವಕಥೆ. ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾಯಿದೆಯಂತೆ ನಾಲ್ವರು ಇನ್‌ಸ್ಪೆಕ್ಟರುಗಳು ನೇಮಕವಾದರು. ಭೂಗರ್ಭಶಾಸ್ತ್ರಜ್ಞನಾದ ಲಿಯೊನಾರ್ಡ್ ಹಾರ್ನರ್ ಎಂಬವನು ಅವರಲ್ಲಿ ಹೆಸರಾದವನು. 1844ರ ಕಾಯಿದೆಯು ಯಂತ್ರಗಳಿಗೆ ಬೇಲಿಯಿರಬೇಕೆಂದು ವಿಧಿಸಿತು. ಆಗಿನ ಗಿರಣಿಗಳಲ್ಲಿ ಛಾವಣಿಯ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡವು ತಿರುಗುತ್ತಿದ್ದಿತು. ಅದರಿಂದ ಇಳಿದುಬಂದ ಪಟ್ಟಿಗಳು ಕೆಳಗಿನ ಒಂದೊಂದು ಯಂತ್ರವನ್ನೂ ನಡೆಯಿಸುತ್ತಿದ್ದುವು. ನೆಲದಿಂದ ಏಳು ಅಡಿಗಿಂತ ಮೇಲಿರುವ ದಂಡಕ್ಕೂ ಬೇಲಿ ಬೇಕೆಂದು ಇನ್‌ಸ್ಪೆಕ್ಟರುಗಳು 1854ರಲ್ಲಿ ಹೇಳಿದಾಗ ಯಜಮಾನರು ಕೆರಳಿದರು. ಅಷ್ಟು ಎತ್ತರಕ್ಕೆ ಯಾರ ಕೈ ಹೋದೀತು ಎಂಬುದು ಅವರ ವಾದ. ಮೇಲುನೋಟಕ್ಕೆ ಅದು ನ್ಯಾಯವಾಗಿಯೇ ತೋರುವುದು. ಆದರೆ ನಡೆಯುತ್ತಿದ್ದುದೇನು? ಪಟ್ಟಿಯು ಚಕ್ರದಿಂದ ಜಾರುವುದು. ಅದನ್ನು ಮತ್ತೆ ಏರಿಸಲು ಒಬ್ಬನು ಏಣಿ ಹತ್ತುವನು. ಒಂದು ಪಟ್ಟಿಗಾಗಿ ಇಡೀ ದಂಡವನ್ನು ಯಾರೂ ನಿಲ್ಲಿಸರು. ನುಣುಪಾದ ದಂಡವು ತಿರುಗುವಾಗ ತಿರುಗುತ್ತಿರುವಂತೆಯೇ ಕಾಣದು. ಅಂಗಿಯ ಚುಂಗೊಂದು ತಗುಲಿದರೆ ಸಾಕು, ಬಟ್ಟೆಯು ಸುತ್ತಿಕೊಂಡು ಮನುಷ್ಯನನ್ನೂ ಎಳೆದುಕೊಳ್ಳುವುದು. ಯಜಮಾನರು ಒಂದು ಸಂಘವನ್ನೇ ಕಟ್ಟಿ ಹೋರಾಡಿದರು. 1856ರಲ್ಲಿ ಕಾಯಿದೆಯ ಬೇಲಿಯ ವಿಧಿಯು ಸಡಿಲವಾಯಿತು.

ನಿಯಮದ ಹಿಂದಿರುವ ಕಾರಣವು ಯಜಮಾನನ ಕಣ್ಣಿಗೆ ಕಟ್ಟದಿದ್ದರೆ ಅವನಿಗೆ ಅದು ಸರ್ಕಾರದವರ ಕಿರುಕುಳವಾಗಿಯೇ ತೋರುವುದು. ದಂಡದ ಎತ್ತರವನ್ನು ಅಳೆದವನು ನೆಲದ ಮೇಲೆ ನಿಂತಿದ್ದನು. ಏಣಿಯ ಮೇಲೆ ನಿಂತವನಿಗೆ ಆ ಅಳತೆಯು ಬೇರೆ.

ನಮ್ಮ ದೇಶದಲ್ಲಿ ಮೊದಲ ಕಾರ್ಖಾನೆ ಕಾಯಿದೆಯು 1881ರಲ್ಲಿ ಬಂದಿತು. ಅದು 100 ಮಂದಿಗೆ ಕಡಮೆಯಿಲ್ಲದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸಿತು. 1891ರಲ್ಲಿ ಆ ಸಂಖ್ಯೆಯು 50ಕ್ಕೂ, 1922ರಲ್ಲಿ 20ಕ್ಕೂ ಇಳಿಯಿತು. ಸ್ವಾತಂತ್ರ್ಯಾನಂತರದ 1948ರ ಕಾಯಿದೆಯು ಯಂತ್ರಶಕ್ತಿಯನ್ನು ಉಪಯೋಗಿಸುವಲ್ಲಿ 10 ಮಂದಿಯಿದ್ದರೂ ಅದನ್ನು ಕಾರ್ಖಾನೆಯೆಂದು ಎಣಿಸಿತು. ಯಂತ್ರಗಳ ಬೇಲಿ, ತಿರುಗುತ್ತಿರುವ ಯಂತ್ರದ ಬಳಿ ಮಾಡುವ ಕೆಲಸ, ಶಕ್ತಿಯನ್ನು ತಟ್ಟನೆ ಕಡಿಯುವ ಸಾಧನ, ಕಣ್ಣಿನ ರಕ್ಷಣೆ, ವಿಷವಾಯು, ಬೆಂಕಿ ಮುಂತಾದುವುಗಳಿಗೆ ಒಂದೊಂದು ಪ್ರಕರಣವನ್ನು ಬರೆಯಿತು. 1984ರ ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಅಪಾಯಕರ ಕ್ರಿಯೆಗಳಿಗೆಂದೇ ಒಂದು ಅಧ್ಯಾಯವು ಅದಕ್ಕೆ ಸೇರಿತು. ಈ ಕಾಯಿದೆಯೂ ಇದರೊಡನೆ ಬೇರೆ ಹನ್ನೆರಡೂ ಈಗ ಒಂದೇ ಸಂಹಿತೆಯಲ್ಲಿ ಅಡಕವಾಗಿವೆ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೆಂಬ ಇದನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಇದರಲ್ಲಿ ಕಾರ್ಖಾನೆಯೆಂಬ ಹೆಸರಿಗೆ ಬೇಕಾದ ಸಂಖ್ಯೆಯು, ಶಕ್ತಿಯಿರುವಲ್ಲಿ 20, ಇಲ್ಲದಲ್ಲಿ 40. ನೂರರಿಂದ ಹತ್ತಕ್ಕೆ ಇಳಿದುಬಂದ ಮೆಟ್ಟಿಲು ಒಂದು ಸಲ ಮೇಲಕ್ಕೆ ಹೋಗಿದೆಯೆಂಬುದನ್ನು ಶ್ರೋತೃಗಳು ಗಮನಿಸಬೇಕು. ಹತ್ತು ಮಂದಿಯಿರುವ ಉದ್ಯಮಗಳಿಗೆ ಸಾಮಾನ್ಯ ಕರ್ತವ್ಯಗಳು ಉಳಿದಿವೆಯೆಂಬುದು ನಿಜ. ಆದರೂ ಯಂತ್ರದ ಬಾಯಿಗೆ ಸಂಖ್ಯೆಯ ಲೆಕ್ಕವಿಲ್ಲ. ಕಾಯಿದೆಯ ಹಿಡಿತವು ಸಡಿಲವಾದಷ್ಟೂ ತಿಳಿವಳಿಕೆಯ ನೆರವು ಹೆಚ್ಚಬೇಕಾದುದು ನ್ಯಾಯ.

ನಮ್ಮ ನಾಡಿನ ಕಡೆಗೆ ನೋಡೋಣ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಕಾಲಕ್ರಮದಲ್ಲಿ ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ದೊರೆಯಿತು. ಛಾವಣಿಯ ದಂಡವೂ ಅದರ ಪಟ್ಟಿಗಳ ಕಾಡೂ ಮಾಯವಾದುವು. ಏಣಿ ಹತ್ತುವ ಕೆಲಸವೇ ಇಲ್ಲವಾದ ಮೇಲೆ ಅದರ ಅಪಾಯವೂ ಇಲ್ಲವಾಯಿತು. ಅಪಾಯವನ್ನು ಮುಚ್ಚುವುದಕ್ಕಿಂತ ಅದನ್ನು ಬೇರುಸಹಿತ ಕೀಳುವುದು ಮೇಲೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಆದರೆ ಉಳಿದ ಅಪಾಯವು ಯಂತ್ರದೊಳಗೆ, ಲೋಹವು ಲೋಹವನ್ನು ಕಚ್ಚುವ ಸ್ಥಳದಲ್ಲಿ, ಬಂದು ನೆಲಸಿತು. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಯಂತ್ರಶಾಲೆಗಳನ್ನು ಬಲ್ಲವರಿಗೆ ಪವರ್ ಪ್ರೆಸ್ಸು ಹೊಸದಲ್ಲ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಪವರ್ ಪ್ರೆಸ್ಸು ತಗಡನ್ನು ಕತ್ತರಿಸಿ, ಬಗ್ಗಿಸಿ, ಒತ್ತಿ ರೂಪಕೊಡುವ ಯಂತ್ರ. ಒಂದು ಪಕ್ಕದಲ್ಲಿ ಭಾರವಾದ ಗಾಲಿಯು ಸದಾ ತಿರುಗುತ್ತಿರುವುದು. ಕೆಲಸಗಾರನು ತಗಡನ್ನು ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲನ್ನು ಒತ್ತಿದೊಡನೆ ಗಾಲಿಗೂ ಒತ್ತುವ ದಿಂಡಿಗೂ ಕ್ಲಚ್ಚಿನಿಂದ ಸಂಬಂಧವುಂಟಾಗಿ, ದಿಂಡು ಕೆಳಗಿಳಿದು ಒತ್ತಿ ಮೇಲೇರುವುದು. ಮತ್ತೆ ತಗಡು, ಮತ್ತೆ ಪೆಡಲು. ದಿನಕ್ಕೆ ಸಾವಿರಾರು ಸಲ ಕೈಯೂ ಕಾಲೂ ಒಂದು ತಾಳಕ್ಕೆ ನಡೆಯಬೇಕು. ಅದರಲ್ಲಿ ಒಂದು ಸಲ, ಒಂದೇ ಸಲ, ಕೈ ಹೊರಕ್ಕೆ ಬರುವ ಮೊದಲು ಕಾಲು ಒತ್ತಿದರೆ ಆಗುವುದನ್ನು ವಿವರಿಸಬೇಕಾದುದಿಲ್ಲ. ಎಚ್ಚರವಾಗಿರು ಎಂದು ಹೇಳುವುದು ಸುಲಭ. ಸಾವಿರ ಸಲದಲ್ಲಿ ಒಮ್ಮೆಯೂ ಮನಸ್ಸು ಅತ್ತಿತ್ತ ಹೋಗದಿರಬೇಕೆಂಬ ನಿಯಮವನ್ನು ಯೋಗಿಗಳೂ ಪಾಲಿಸಲಾರರು.

ಇದಕ್ಕೆ ಉಪಾಯವೇನು? ಕಾಯಿದೆಯ ಹೆದರಿಕೆಯಿಂದ ಅಂಗಡಿಗೆ ಹೋದ ಯಜಮಾನನಿಗೆ ಹಲವು ಸಾಧನಗಳನ್ನು ತೋರಿಸುವರು. ಪೆಡಲಿನ ಬದಲು ಎರಡು ಗುಂಡಿಗಳನ್ನು ದೂರದೂರ ಇಟ್ಟು, ಎರಡು ಕೈಗಳಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ದಿಂಡು ಇಳಿಯುವಂತೆ ಮಾಡುವ ಏರ್ಪಾಡು ಒಂದು. ಅಚ್ಚಿನ ಮುಂದೆ ಬೆಳಕಿನ ಕಿರಣಗಳ ತೆರೆಯನ್ನು ಹಾಯಿಸಿ, ಕೈ ಅದನ್ನು ದಾಟಿದೊಡನೆ ಯಂತ್ರವು ನಿಲ್ಲುವಂತೆ ಮಾಡುವುದು ಇನ್ನೊಂದು. ಎರಡನೆಯದು ಬೆಲೆಯುಳ್ಳದ್ದು, ನೋಡಲೂ ಸೊಗಸು. ಆದರೆ ಒಂದು ಸೂಕ್ಷ್ಮವುಂಟು. ಪ್ರೆಸ್ಸುಗಳಲ್ಲಿ ಎರಡು ಜಾತಿ. ಕೆಲವುಗಳ ಕ್ಲಚ್ಚು ಯಾವ ಕ್ಷಣದಲ್ಲಾದರೂ ಬಿಟ್ಟುಕೊಂಡು, ಬ್ರೇಕು ಹಿಡಿದು, ದಿಂಡನ್ನು ನಡುದಾರಿಯಲ್ಲಿಯೇ ನಿಲ್ಲಿಸಬಲ್ಲುದು. ಹಳೆಯ ಜಾತಿಯವುಗಳ ಕ್ಲಚ್ಚು ಒಮ್ಮೆ ಕಚ್ಚಿತೆಂದರೆ ಒಂದು ಸುತ್ತು ಪೂರ್ತಿಯಾಗುವವರೆಗೆ ಬಿಡದು. ಈ ಎರಡನೆಯ ಜಾತಿಯ ಪ್ರೆಸ್ಸಿಗೆ ಬೆಳಕಿನ ತೆರೆಯನ್ನು ಕಟ್ಟಿದರೆ ಅದು ಕೈಯನ್ನು ಕಾಣುವುದು. ಯಂತ್ರವನ್ನು ಮಾತ್ರ ನಿಲ್ಲಿಸಲಾರದು. ಯಜಮಾನನು ಹಣ ಕೊಟ್ಟನು, ಕಾಗದದಲ್ಲಿ ಕಾಯಿದೆಯು ನಡೆಯಿತು, ಕೆಲಸಗಾರನು ಈಗ ಅಪಾಯವಿಲ್ಲವೆಂದು ನಂಬಿ ಮೊದಲಿಗಿಂತ ಧೈರ್ಯವಾಗಿ ಕೈಯಿಟ್ಟನು. ಇಂತಹ ಯಂತ್ರಕ್ಕೆ ಬೇಕಾದುದು ಅಚ್ಚನ್ನು ಸುತ್ತಲೂ ಮುಚ್ಚಿ, ತಗಡು ಮಾತ್ರ ತೂರುವಷ್ಟು ಸಂದನ್ನು ಬಿಟ್ಟ ಗಟ್ಟಿಯಾದ ಗಾರ್ಡು. ಇಲ್ಲವೆ ಮುಚ್ಚದ ಹೊರತು ಕ್ಲಚ್ಚು ಕಚ್ಚದಂತೆಯೂ, ಸುತ್ತು ಮುಗಿಯುವವರೆಗೆ ತೆರೆಯದಂತೆಯೂ ಜೋಡಿಸಿದ ಬಾಗಿಲು. ಬೆಲೆಯಲ್ಲಿ ಇದು ಅನೇಕವೇಳೆ ಕಡಮೆಯೇ. ಕಾಯಿದೆಯು ಯಂತ್ರಕ್ಕೆ ಬೇಲಿ ಹಾಕೆಂದು ಹೇಳುವುದು. ಯಾವ ಯಂತ್ರಕ್ಕೆ ಯಾವ ಬೇಲಿಯೆಂಬುದನ್ನು ಬಲ್ಲವನೊಬ್ಬನು ಬಂದು ಹೇಳಬೇಕು.

ಹಾಕಿದ ಗಾರ್ಡು ನಿಲ್ಲುವುದೆಂಬುದೂ ನಿಶ್ಚಯವಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಗೋಡೆಗೆ ಒರಗಿರುವುದುಂಟು. ಕೆಲಸಗಾರನ ಮೊಂಡತನವೆಂದು ಬೈದರೆ ಪ್ರಯೋಜನವಿಲ್ಲ. ಅವನು ಏತಕ್ಕೆ ಬಿಚ್ಚಿದನೆಂದು ಕೇಳಬೇಕು. ಒಳಗೆ ತಗಡು ಸರಿಯಾಗಿ ಕುಳಿತಿರುವುದು ಕಾಣುವುದಿಲ್ಲವೆಂದಾನು. ಸಿಕ್ಕಿಕೊಂಡ ಚೂರನ್ನು ತೆಗೆಯಲು ಪ್ರತಿಸಲವೂ ನಾಲ್ಕು ತಿರುಪುಗಳನ್ನು ಬಿಚ್ಚಬೇಕೆಂದಾನು. ಬಿಡಿಲೆಕ್ಕದಲ್ಲಿ ಕೂಲಿ ಕೊಡುವಾಗ ಗಾರ್ಡಿನಿಂದ ದಿನದ ಸಂಪಾದನೆ ಕುಗ್ಗುವುದೆಂದಾನು. ಮೂರಕ್ಕೂ ಪರಿಹಾರವುಂಟು. ತಗಡಿನ ಬದಲು ಕಂಬಿಗಳ ಗಾರ್ಡು ಮಾಡಿದರೆ ಕಣ್ಣಿಗೆ ದಾರಿಯಾಗುವುದು. ತಗಡನ್ನು ಜಾರಿಸಿ ಒಳಗೆ ತಳ್ಳುವ ಒಂದು ತಟ್ಟೆಯನ್ನು ಅಳವಡಿಸಿದರೆ ಕೈ ಒಳಗೆ ಹೋಗಬೇಕಾದುದೇ ಇಲ್ಲ. ಕೆಲಸವೂ ಬಹುಶಃ ಚುರುಕಾದೀತು. ಕೂಲಿಯ ದರವನ್ನು ಗಾರ್ಡಿನೊಡನೆ ಮಾಡಿದ ಕೆಲಸವನ್ನು ಅಳೆದು ನಿಶ್ಚಯಿಸುವುದು ಯಜಮಾನನ ಧರ್ಮ. ಆದಕಾರಣ ಗಾರ್ಡನ್ನು ಮಾಡಿಸುವಾಗ ಆ ಯಂತ್ರದ ಮುಂದೆ ಕುಳಿತುಕೊಳ್ಳುವವನನ್ನು ಮೊದಲು ಕೇಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುವೆವು. ಸುರಕ್ಷತೆಯೆಂದೊಡನೆ ಅನೇಕರಿಗೆ ತೋರುವುದು ಕೈಚೀಲ, ಬೂಟು, ಟೊಪ್ಪಿಗೆ, ಕನ್ನಡಕ. ಇವು ಬೇಡವೆಂದಲ್ಲ; ಇವು ಕೊನೆಯ ಮೆಟ್ಟಿಲು. ಅಪಾಯವನ್ನು ಇಲ್ಲವಾಗಿಸುವುದು ಮೊದಲನೆಯದು. ಅದಕ್ಕೆ ಬದಲಾಗಿ ಕಡಮೆ ಅಪಾಯದ ವಸ್ತುವನ್ನೋ ವಿಧಾನವನ್ನೋ ತರುವುದು ಎರಡನೆಯದು. ಬೇಲಿ, ಮುಚ್ಚಳ, ಹೊಗೆ ಹೀರುವ ಕೊಳವೆ ಮುಂತಾದುವುಗಳಿಂದ ಮನುಷ್ಯನನ್ನೂ ಅಪಾಯವನ್ನೂ ಬೇರ್ಪಡಿಸುವುದು ಮೂರನೆಯದು. ಕೆಲಸದ ಕ್ರಮ, ತರಬೇತಿ, ಎಚ್ಚರಿಕೆಯ ಫಲಕ ನಾಲ್ಕನೆಯದು. ಮೈಮೇಲೆ ತೊಡುವುದು ಐದನೆಯದು. ಕ್ರಮವನ್ನು ತಲೆಕೆಳಗು ಮಾಡಿದರೆ ರಕ್ಷೆಯೇ ಶಿಕ್ಷೆಯಾಗುವುದುಂಟು. ತಿರುಗುವ ಬೈರಿಗೆಯ ಮುಂದೆ ಕೈಚೀಲ ತೊಟ್ಟವನ ಕೈಯನ್ನು ಆ ಚೀಲವೇ ಎಳೆದುಕೊಂಡು ಹೋಗಬಹುದು. ಬರಿಗೈಗೆ ಗೀರಿ ಬಿಡುತ್ತಿದ್ದ ಬೈರಿಗೆಯು ಚೀಲವನ್ನು ಸುತ್ತಿಕೊಂಡು ಬೆರಳನ್ನೇ ಕೀಳುವುದು.

ಹಾಗಾದರೆ ಇಷ್ಟನ್ನು ಹೇಳಿಕೊಡತಕ್ಕವರು ಯಾರು? ಇನ್‌ಸ್ಪೆಕ್ಟರೆಂದರೆ ತಪ್ಪು ಹುಡುಕಿ ಬರೆದುಕೊಂಡು ಹೋಗುವವನೆಂಬ ಭಾವನೆಯು ಜನರಲ್ಲಿ ಬೇರೂರಿದೆ. ಆದರೆ 1947ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ 81ನೆಯ ಒಡಂಬಡಿಕೆಯು ಅವನ ಕೆಲಸವನ್ನು ಬೇರೆ ಬಗೆಯಾಗಿ ವಿವರಿಸಿತು. ಕಾಯಿದೆಯನ್ನು ಜಾರಿಗೊಳಿಸುವುದು ಒಂದು. ಅದನ್ನು ಪಾಲಿಸಲು ಅತ್ಯುತ್ತಮವಾದ ಉಪಾಯ ಯಾವುದೆಂಬ ತಿಳಿವಳಿಕೆಯನ್ನೂ ಸಲಹೆಯನ್ನೂ ಯಜಮಾನರಿಗೂ ಕೆಲಸಗಾರರಿಗೂ ಕೊಡುವುದು ಇನ್ನೊಂದು. ಎರಡೂ ಅವನ ಕರ್ತವ್ಯಗಳೇ. ಮೊಕದ್ದಮೆ ಹೂಡುವ ಬದಲು ಎಚ್ಚರಿಕೆ ಕೊಟ್ಟು ಸಲಹೆ ಹೇಳುವ ವಿವೇಚನೆಯನ್ನೂ ಅದು ಅವನಿಗೆ ಬಿಟ್ಟಿದೆ. ಭಾರತವು 1949ರಲ್ಲಿ ಈ ಒಡಂಬಡಿಕೆಗೆ ಒಪ್ಪಿಗೆಯನ್ನಿತ್ತಿತು. ಅದಕ್ಕೂ ಮೊದಲೇ, 1945ರಲ್ಲಿ, ದೆಹಲಿಯ ಸರ್ಕಾರವು ಕಾರ್ಖಾನೆಗಳ ಮುಖ್ಯ ಸಲಹೆಗಾರರ ಕಚೇರಿಯನ್ನು ತೆರೆದಿದ್ದಿತು. ಇಂದು ಮುಂಬಯಿಯಲ್ಲಿರುವ ಮಹಾನಿರ್ದೇಶನಾಲಯದ ಹೆಸರಿನಲ್ಲಿಯೇ ಕಾರ್ಖಾನೆಗಳಿಗೆ ಸಲಹೆಯೆಂಬ ಮಾತು ಉಳಿದುಬಂದಿದೆ. 2020ರ ಸಂಹಿತೆಯಂತೂ ಇನ್‌ಸ್ಪೆಕ್ಟರನ ಹೆಸರನ್ನೇ ಬದಲಾಯಿಸಿ, ಅವನನ್ನು ತನಿಖೆಗಾರನೂ ಅನುಕೂಲ ಮಾಡಿಕೊಡುವವನೂ ಎಂದು ಕರೆದಿದೆ. ಹೆಸರು ಬದಲಾದುದರಿಂದ ಕೆಲಸವು ಬದಲಾಗುವುದೆಂದು ನಾವು ನಂಬಿ ಕೂಡಬಾರದು. ಸಲಹೆ ಹೇಳಲು ಸಮಯ ಬೇಕು, ಯಂತ್ರಗಳ ಜ್ಞಾನ ಬೇಕು, ಸಾಕಷ್ಟು ಮಂದಿ ಬೇಕು.

ಬೇರೆ ದೇಶಗಳು ಮಾಡಿನೋಡಿದ ಎರಡು ಏರ್ಪಾಡುಗಳನ್ನು ಸೂಚಿಸುವೆವು. ಲಂಡನ್ನಿನ ಹಾರ್ಸ್‌ಫೆರಿ ರಸ್ತೆಯಲ್ಲಿ ಬ್ರಿಟನ್ನಿನ ಗೃಹಖಾತೆಯವರು 1927ರಲ್ಲಿ ಒಂದು ವಸ್ತುಪ್ರದರ್ಶನಶಾಲೆಯನ್ನು ತೆರೆದರು. ಅಲ್ಲಿ ಯಂತ್ರಗಳನ್ನೂ ಅವುಗಳಿಗೆ ತಕ್ಕ ಗಾರ್ಡುಗಳನ್ನೂ ನಿಜವಾಗಿ ಜೋಡಿಸಿ ತೋರಿಸುತ್ತಿದ್ದರು. ನೂರು ಪುಟದ ನಿಯಮಾವಳಿಯು ತಿಳಿಸದುದನ್ನು ಒಂದು ಗಳಿಗೆಯ ನೋಟವು ತಿಳಿಸುವುದು. ಅಮೆರಿಕೆಯಲ್ಲಿ 1970ರ ಕಾಯಿದೆಯಾದ ಕೆಲವು ವರ್ಷಗಳಲ್ಲಿಯೇ, ಸಣ್ಣ ಯಜಮಾನರು ಕೇಳಿಕೊಂಡರೆ ಪರಿಣತನೊಬ್ಬನು ಖರ್ಚಿಲ್ಲದೆ ಬಂದು ನೋಡಿ ದೋಷಗಳನ್ನು ತಿಳಿಸುವ ಏರ್ಪಾಡು ಹುಟ್ಟಿತು. ಹೀಗೆ ಬರುವವನು ದಂಡ ಹಾಕುವವನಲ್ಲ. ಕಂಡುದನ್ನು ದಂಡ ಹಾಕುವವರಿಗೆ ಒಪ್ಪಿಸುವವನೂ ಅಲ್ಲ. ಆದರೆ ಒಂದು ಷರತ್ತುಂಟು: ಕಂಡುಬಂದ ಘೋರವಾದ ಅಪಾಯಗಳನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸುವೆನೆಂದು ಯಜಮಾನನು ಒಪ್ಪಬೇಕು. ಈ ಷರತ್ತಿನಲ್ಲಿ ವಿವೇಕವಿದೆ. ಮಾತು ಕೊಡದವನಿಗೆ ಗುಟ್ಟಿನ ಸಲಹೆಯನ್ನು ಕೊಟ್ಟರೆ ಅದು ತಪ್ಪನ್ನು ಮುಚ್ಚಿಡಲು ನೆರವಾದಂತೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತುವವರುಂಟು. ಯಜಮಾನರಿಗೆ ನೆರವು ನೆರವೆಂದು ಹೇಳುತ್ತ ಶಿಕ್ಷೆಯ ಕೈಯನ್ನು ಸಡಿಲಬಿಟ್ಟರೆ ಕಡೆಗೆ ನಷ್ಟವಾಗುವುದು ಕೆಲಸಗಾರನಿಗೇ ಅಲ್ಲವೆ? ಈ ಭಯವು ಸಕಾರಣವಾದುದೆಂದು ನಾವು ಒಪ್ಪುವೆವು. ಅಪಾಯವನ್ನು ಬಲ್ಲವನು ಲಾಭಕ್ಕಾಗಿ ಅದನ್ನು ಉಳಿಸಿಕೊಂಡರೆ ಅವನಿಗೆ ಬೇಕಾದುದು ಸಲಹೆಯಲ್ಲ, ನ್ಯಾಯಸ್ಥಾನ. 81ನೆಯ ಒಡಂಬಡಿಕೆಯೇ ಇನ್‌ಸ್ಪೆಕ್ಟರನಿಗೆ ಮುಂಚಿತವಾಗಿ ತಿಳಿಸದೆ ಹಗಲಿರುಳೆನ್ನದೆ ಒಳಗೆ ಹೋಗುವ ಅಧಿಕಾರವನ್ನೂ, ದೂರಿತ್ತವನ ಹೆಸರನ್ನು ಗುಟ್ಟಾಗಿಡುವ ಕಟ್ಟಳೆಯನ್ನೂ ಸಲಹೆಯ ಕರ್ತವ್ಯದ ಜೊತೆಯಲ್ಲಿಯೇ ಇಟ್ಟಿದೆ. ಸಲಹೆಯು ತನಿಖೆಗೆ ಬದಲಲ್ಲ. ತನಿಖೆಯ ಭಯವಿರುವಲ್ಲಿಯೇ ಸಲಹೆಗೆ ಗಿರಾಕಿ.

ಯಜಮಾನರ ಕಡೆಯ ಆಕ್ಷೇಪಣೆಯೂ ಒಂದುಂಟು. ನಾನು ಗಾರ್ಡಿಗೆ ಹಣ ಹಾಕುವೆನು, ಪಕ್ಕದ ಷೆಡ್ಡಿನವನು ಹಾಕನು. ಅವನು ನನಗಿಂತ ಅಗ್ಗವಾಗಿ ಮಾರುವನು. ಇದು ಎಲ್ಲರಿಗೂ ಕಾಯಿದೆಯನ್ನು ಸಮವಾಗಿ ನಡೆಯಿಸಬೇಕೆಂಬುದಕ್ಕೆ ಕಾರಣವೇ ಹೊರತು ಬಿಡಬೇಕೆಂಬುದಕ್ಕಲ್ಲ. ಮತ್ತು ಖರ್ಚಿನ ಲೆಕ್ಕದಲ್ಲಿ ಒಂದು ಬಾಬು ಸಾಮಾನ್ಯವಾಗಿ ಬಿಟ್ಟುಹೋಗಿರುವುದು. 1923ರ ಪರಿಹಾರ ಕಾಯಿದೆಯ ಅನುಬಂಧದಲ್ಲಿ ಬಹುಕಾಲ ನಡೆದುಬಂದ ಲೆಕ್ಕದಂತೆ, ಹೆಬ್ಬೆರಳು ಹೋದರೆ ಸಂಪಾದನಾಶಕ್ತಿಯಲ್ಲಿ ನೂರಕ್ಕೆ 30 ಪಾಲು ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಕಾಯಿದೆಗೆ ಯಾವುದಾದರೂ ಒಂದು ಲೆಕ್ಕ ಬೇಕು, ಅದನ್ನು ನಾವು ದೂರುವುದಿಲ್ಲ. ಆದರೆ ಅನ್ನ ಕಲಸುವ ಕೈ, ಮಗುವನ್ನೆತ್ತುವ ಕೈ, ತಾನು ಕಲಿತ ಕಸುಬನ್ನು ಬಲ್ಲ ಕೈ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಕೊನೆಯದಾಗಿ, ಸಣ್ಣ ಯಂತ್ರಶಾಲೆಯ ಯಜಮಾನನು ಯಾರ ಅಪ್ಪಣೆಗೂ ಕಾಯದೆ ಪ್ರಾರಂಭಿಸಬಹುದಾದ ನಾಲ್ಕು ಕೆಲಸಗಳನ್ನು ಹೇಳುವೆವು. ಒಂದು: ಪ್ರತಿಯೊಂದು ಯಂತ್ರದ ಮುಂದೆಯೂ ನಿಂತು, ಇಲ್ಲಿ ಕೈ ಎಲ್ಲಿಗೆ ಹೋಗಬಲ್ಲುದು ಎಂದು ಅದನ್ನು ನಡೆಯಿಸುವವನನ್ನೇ ಕೇಳಿ ಬರೆದುಕೊಳ್ಳುವುದು. ಎರಡು: ರಿಪೇರಿಯ ಸಮಯದಲ್ಲಿ ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಿ, ಬೀಗದ ಕೈಯನ್ನು ಯಂತ್ರದೊಳಗೆ ಕೈಯಿಟ್ಟವನ ಜೇಬಿನಲ್ಲಿಯೇ ಇಡಿಸುವುದು, ಇಬ್ಬರು ಒಳಗಿದ್ದರೆ ಎರಡು ಬೀಗ. ಮೂರು: ಪೆಟ್ಟಾಗದೆ ತಪ್ಪಿದ ಸಂಗತಿಗಳನ್ನೂ ಒಂದು ಪುಸ್ತಕದಲ್ಲಿ ಬರೆಯಿಸುವುದು, ಹೇಳಿದವನನ್ನು ಗದರದಿರುವುದು. ಪ್ರೆಸ್ಸು ಪೆಡಲನ್ನೊತ್ತದೆ ತಾನಾಗಿ ಎರಡನೆಯ ಸಲ ಇಳಿಯಿತೆಂದು ಒಬ್ಬನು ಹೇಳಿದರೆ ಕ್ಲಚ್ಚಿನ ಬೆಣೆಯು ಸವೆದಿರಬಹುದೆಂದು ತಿಳಿಯಬೇಕು. ಅದನ್ನು ನೋಡಿ ಸರಿಪಡಿಸುವವರೆಗೆ ಆ ಯಂತ್ರವು ನಿಂತಿರಬೇಕು. ನಾಲ್ಕು: ತನ್ನಂತಹ ಹತ್ತು ಮಂದಿ ಯಜಮಾನರೊಡನೆ ಸೇರಿ, ಒಬ್ಬ ಪರಿಣತನನ್ನು ಕರೆಯಿಸಿ, ಒಂದೇ ಬಗೆಯ ಯಂತ್ರಗಳಿಗೆ ಒಂದೇ ನಕ್ಷೆಯಂತೆ ಗಾರ್ಡುಗಳನ್ನು ಮಾಡಿಸುವುದು. ಒಬ್ಬನಿಗೆ ಭಾರವಾದುದು ಹತ್ತು ಮಂದಿಗೆ ಹಗುರ. ಕರ್ನಾಟಕದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯನ್ನೂ, 1966ರ ಮಾರ್ಚ್ 4ರಂದು ಸ್ಥಾಪಿತವಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯನ್ನೂ ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ವರ್ಷಕ್ಕೊಂದು ದಿನ, ಆಯುಧಪೂಜೆಯಲ್ಲಿ, ನಮ್ಮ ಯಂತ್ರಶಾಲೆಗಳಲ್ಲಿ ಯಂತ್ರಗಳೆಲ್ಲ ನಿಲ್ಲುವುವು. ಅವುಗಳನ್ನು ತೊಳೆದು, ಎಣ್ಣೆ ಹಾಕಿ, ಕುಂಕುಮವಿಟ್ಟು, ಹೂ ಮುಡಿಸುವರು. ಯಜಮಾನನೂ ಕೆಲಸಗಾರನೂ ಅಕ್ಕಪಕ್ಕದಲ್ಲಿ ನಿಂತು ಕೈಮುಗಿಯುವರು. ಯಂತ್ರದ ಒಂದೊಂದು ಭಾಗವನ್ನೂ ಕೈಯಾರೆ ಮುಟ್ಟಿ ನೋಡುವ ಆ ದಿನದ ಹಿಂದಿನ ದಿನ, ಸಡಿಲವಾದ ಗಾರ್ಡು ಯಾವುದು, ಸವೆದ ಬೆಣೆ ಯಾವುದು, ಕೈಗೆಟುಕದ ಸ್ವಿಚ್ಚು ಯಾವುದೆಂದು ಇಬ್ಬರೂ ಕೂಡಿ ನೋಡಿ ಸರಿಪಡಿಸುವ ಪದ್ಧತಿಯನ್ನು ಏಕೆ ಸೇರಿಸಿಕೊಳ್ಳಬಾರದು? ಇದಕ್ಕೆ ಕಾಯಿದೆ ಬೇಕಾಗಿಲ್ಲ, ಹೆಚ್ಚಿನ ಹಣವೂ ಬೇಕಾಗಿಲ್ಲ. ಈ ಮಾತನ್ನು ಕೇಳಿದ ಯಜಮಾನರಲ್ಲಿ ಕೆಲವರಾದರೂ ಈ ವರ್ಷ ಹಾಗೆ ಮಾಡಿ ನೋಡುವರೆಂದು ನಾವು ಆಶಿಸುವೆವು.